ನಾನೂರ ಹನ್ನೆರಡನೆಯ ಪಟ

ನಾನೂರ ಹನ್ನೆರಡನೆಯ ಪಟದಲ್ಲಿರುವುದು ತನ್ನದೇ ಬಲಗಣ್ಣು ಎಂದು ಬದರಿನಾಥನಿಗೆ ಗೊತ್ತಾಗಿ ಇವತ್ತಿಗೆ ನಲವತ್ಮೂರು ದಿನ. ಹೆಂಡತಿಗೆ ಹೇಳಿಲ್ಲ, ಡಾಕ್ಟರಿಗೆ ಹೇಳಿಲ್ಲ, ನಿಜ ನುಡಿಯಬೇಕೆಂದರೆ ತನಗೆ ತಾನೂ ಪೂರ್ತಿ ಹೇಳಿಕೊಂಡಿಲ್ಲ. ಹೇಳಿಕೊಳ್ಳಲು ಕೂತಾಗಲೆಲ್ಲ ಮನಸ್ಸು ಏನೋ ಒಂದು ನೆಪ ತೆಗೆದು ಎದ್ದು ಹೋಗುತ್ತಿತ್ತು. ಮಗಳ ಟ್ಯೂಷನ್ನು, ಏರ್‌ಕಾನಿನಿಂದ ತೊಟ್ಟಿಕ್ಕುವ ನೀರು, ಊರಿಗೆ ಮಾಡಬೇಕಾದ ಫೋನು. ಇವತ್ತು ಬೆಳಿಗ್ಗೆ ಚೋವಾ ಚು ಕಾಂಗ್‌ನ ಒಂಬತ್ತನೆಯ ಮಹಡಿಯ ಫ್ಲ್ಯಾಟಿನಲ್ಲಿ ಸೀತಾ ಉಪ್ಪಿಟ್ಟಿನ ತಟ್ಟೆ ಮುಂದಿಡುತ್ತ, "ನಿಮ್ಮ ನಾಗೇಶ ಮಾವಂಗೆ ಇದೇ ವಯಸ್ಸಲ್ಲಿ ಅಲ್ವಾ ಶುರುವಾಗಿದ್ದು? ನಿಮಗೂ ನಲವತ್ತಾರಾಯ್ತು. ಒಂದ್ಸಲ ಚೆಕಪ್ ಮಾಡಿಸ್ಕೊಂಡ್ಬಿಡಿ, ಹೆಂಗೂ ಕಣ್ಣಿನವರ ಜೊತೇಲೇ ಇರ್ತೀರಿ" ಎಂದಳು. "ದಿನಾ ಇನ್ನೂರು ಕಣ್ಣು ನೋಡ್ತೀನಿ ಕಣೇ, ನನ್ನ ಕಣ್ಣು ನನಗೆ ಗೊತ್ತಾಗಲ್ವಾ?" ಎಂದ. ಆ ಮಾತು ಎಷ್ಟು ನಿಜ ಎಂದು ಹೊಳೆದ ಕೂಡಲೇ ತಟ್ಟೆ ಪಕ್ಕಕ್ಕೆ ಸರಿಸಿದ. ನೀರು ಕುಡಿದು ಎದ್ದ.

ಜುರಾಂಗ್ ಈಸ್ಟ್‌ನ ಒಂದು ಕಟ್ಟಡದ ಆರನೆಯ ಮಹಡಿಯಲ್ಲಿ ಅವನ ಕೆಲಸ. ಅಲ್ಲಿಗೆ ರೋಗಿಗಳು ಬರುವುದಿಲ್ಲ, ಅವರ ಕಣ್ಣಿನ ಪಟಗಳು ಮಾತ್ರ ಬರುತ್ತವೆ. ಹೆಸರಿಲ್ಲ, ಊರಿಲ್ಲ, ಬರೀ ನಂಬರು. ಕಣ್ಣಿನ ಹಿಂಬದಿಯಿಂದ ನರ ಮಿದುಳಿಗೆ ಹೊರಡುವ ಜಾಗ ಪಟದಲ್ಲಿ ಕೆಂಪು ಬೆರೆತ ಹಳದಿಯ ಒಂದು ತಟ್ಟೆಯ ಹಾಗೆ ಕಾಣುತ್ತದೆ. ತಟ್ಟೆಯ ನಡುವೆ ಬಿಳಿಚಿದ ಒಂದು ಗುಳಿ, ಅದು ಬಟ್ಟಲು. ಮೌಸ್ ಹಿಡಿದು ತಟ್ಟೆಯ ಅಂಚಿಗೊಂದು ಗೆರೆ, ಬಟ್ಟಲಿನ ಅಂಚಿಗೊಂದು ಗೆರೆ ಎಳೆದರೆ ಕಂಪ್ಯೂಟರು ಒಂದು ಸಂಖ್ಯೆ ಕೊಡುತ್ತದೆ. ಬಟ್ಟಲು ತಟ್ಟೆಯ ಅರ್ಧದಷ್ಟಿದ್ದರೆ ಪಾಯಿಂಟ್ ಐದು, ಚಿಂತೆಯಿಲ್ಲ. ಗ್ಲಾಕೋಮಾ ಹಿಡಿದ ಕಣ್ಣಿನಲ್ಲಿ ನರ ಸವೆಯುತ್ತ ಬಟ್ಟಲು ಹಿಗ್ಗುತ್ತ ಹೋಗುತ್ತದೆ. ನೋವಿಲ್ಲ, ಉರಿಯಿಲ್ಲ, ಒಂದು ದಿನ ಬಟ್ಟಲೇ ತಟ್ಟೆಯನ್ನು ನುಂಗಿರುತ್ತದೆ. ಪಾಯಿಂಟ್ ಏಳು ದಾಟಿದರೆ ಬೀಗ ಹಾಕಿಟ್ಟ ಹೆಸರಿನ ಪಟ್ಟಿ ತೆರೆದು ಆ ನಂಬರಿನ ಮನುಷ್ಯನನ್ನು ಕರೆಸಬೇಕೆಂದು ನಿಯಮ. ಆದರೆ ಈಗಿನ ಅಧ್ಯಯನಕ್ಕೆ ಮನುಷ್ಯರ ಗೊಡವೆ ಅಷ್ಟಾಗಿ ಇರಲಿಲ್ಲ. ಡಿಜಿಟಲ್ ಪಟ ನೋಡಿ ಅಳೆದ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಅದರ ಪ್ರಶ್ನೆ. ಒಬ್ಬನೇ ಆರು ವಾರ ಬಿಟ್ಟು ಅದೇ ಪಟವನ್ನು ಅಳೆದರೆ ಅದೇ ಸಂಖ್ಯೆ ಬರುತ್ತದೆಯೇ? ಇಬ್ಬರು ಬೇರೆ ಬೇರೆ ಕೂತು ಅಳೆದರೆ ತಾಳೆಯಾಗುತ್ತದೆಯೇ? ಮೊದಲನೆಯವನು ಬದರಿನಾಥ, ಹನ್ನೊಂದು ವರ್ಷದಿಂದ ಇದೇ ಕೆಲಸ, ಅವನ ಅಳತೆಯೇ ಉಳಿದವರಿಗೆ ಮಾನದಂಡ. ಎರಡನೆಯವಳು ವಿನುತಾ, ಮೈಸೂರಿನಿಂದ ಬಂದು ಎರಡು ವರ್ಷವಾದ ಹುಡುಗಿ, ಗೆರೆ ಎಳೆಯುವುದನ್ನು ಅವನಿಂದಲೇ ಕಲಿತವಳು.

ತನ್ನೊಂದಿಗೆ ತಾನು ತಾಳೆಯಾಗುವುದರಲ್ಲಿ ಬದರಿನಾಥನನ್ನು ಮೀರಿಸಿದವರಿಲ್ಲ. ನೂರಕ್ಕೆ ತೊಂಬತ್ತೆಂಟು. ಅದರ ಗುಟ್ಟು ಇಷ್ಟೇ: ಅವನಿಗೆ ಪಟಗಳು ನೆನಪಿರುತ್ತಿದ್ದವು. ರಕ್ತನಾಳಗಳು ಕವಲೊಡೆಯುವ ರೀತಿ ನೋಡಿ ಒಂದೊಂದಕ್ಕೂ ಅಡ್ಡಹೆಸರಿಡುತ್ತಿದ್ದ, ಬೈತಲೆ, ಹುಣಿಸೆಕೊಂಬೆ, ಜಗಳಗಂಟಿ ಹೀಗೆ. ಹೆಸರಿನ ಪಕ್ಕದಲ್ಲೇ ಸಂಖ್ಯೆಯೂ ತಲೆಯಲ್ಲಿ ಕೂತುಬಿಡುತ್ತಿತ್ತು. ಆರು ವಾರದ ಮೇಲೆ ಪಟಗಳನ್ನು ಕಲಸಿ, ನಂಬರು ಮುಚ್ಚಿ ಕೊಟ್ಟರೂ, ಓಹೋ ಬೈತಲೆ ಬಂದಳು, ಪಾಯಿಂಟ್ ನಾಲ್ಕು, ಎಂದು ಕೈ ಹಳೆಯ ಗೆರೆಯನ್ನೇ ಎಳೆಯುತ್ತಿತ್ತು. ಅದು ಅಳತೆಯಲ್ಲ, ಬಾಯಿಪಾಠ. ಮೋಸವೆಂದು ಯಾರೂ ಬೊಟ್ಟು ಮಾಡುವಂತಿರಲಿಲ್ಲ, ಅವನೂ ಮಾಡಿಕೊಂಡಿರಲಿಲ್ಲ. ಅಧ್ಯಯನಕ್ಕೆ ಆರೋಗ್ಯವಂತರ ಕಣ್ಣು ಸಾಲದೆ ಬಂದಾಗ ಆಫೀಸಿನವರೆಲ್ಲ ಸಾಲಾಗಿ ಕ್ಯಾಮೆರಾದ ಮುಂದೆ ಗದ್ದ ಇಟ್ಟು ಕೂತಿದ್ದರು. ತನ್ನ ಪಟ ತೆರೆಯ ಮೇಲೆ ಹಾದುಹೋದ ಒಂದು ಗಳಿಗೆಯಲ್ಲಿ ಕೆಳಗಂಚಿನ ಸಣ್ಣ ನಾಳವೊಂದು ತನ್ನ ಸುತ್ತ ತಾನೇ ಸುತ್ತಿಕೊಂಡು ಇಳಿಯುವುದನ್ನು ಅವನು ನೋಡಿದ್ದ, ಜುಟ್ಟು ಎಂದು ಹೆಸರಿಟ್ಟು ನಕ್ಕಿದ್ದ. ನಲವತ್ಮೂರು ದಿನದ ಹಿಂದೆ ಮೊದಲ ಸುತ್ತಿನ ಅಳತೆಯಲ್ಲಿ, ಊಟ ಮುಗಿಸಿ ಬಂದು ಮೌಸ್ ಒತ್ತಿದರೆ, ತೆರೆಯ ತುಂಬ ಜುಟ್ಟು. ತಟ್ಟೆಯ ಕೆಳಗೆ ಅಂಚೇ ಉಳಿದಿರಲಿಲ್ಲ. ಬೇರೆ ಯಾರದ್ದಾಗಿದ್ದರೂ ಪಾಯಿಂಟ್ ಒಂಬತ್ತು ಎಂದು ಬರೆದು, ಪಾಪ ಎಂದುಕೊಂಡು, ಮುಂದಿನದಕ್ಕೆ ಹೋಗುತ್ತಿದ್ದ. ಕೈ ಒಳಗೊಳಗೇ ಸರಿದು ಬಿಳಿಚಿದ ಬಣ್ಣದ ಸುತ್ತ ಒಂದು ಪುಟ್ಟ ಗೆರೆ ಎಳೆಯಿತು. ಪಾಯಿಂಟ್ ಐದು. ನಿನ್ನೆ ಎರಡನೆಯ ಸುತ್ತಿನಲ್ಲೂ ಪಾಯಿಂಟ್ ಐದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಕಾಯಿಲೆ ಕಣ್ಣಿನವನು ಅಳೆದ ಸಾವಿರಾರು ಕಣ್ಣುಗಳನ್ನು ಇನ್ನು ಯಾರು ನಂಬುತ್ತಾರೆ ಎಂಬ ಭಯವೋ, ಮಾವನ ಹಾಗಾಗುವ ಭಯವೋ, ಬಿಡಿಸಿ ಹೇಳಲು ಅವನಿಗೇ ಬಾರದು. ವಿನುತಾ ಅದೇ ಪಟಕ್ಕೆ ಮೊದಲು ಪಾಯಿಂಟ್ ಒಂಬತ್ತು, ಆಮೇಲೆ ಪಾಯಿಂಟ್ ಎಂಟು ಬರೆದಿದ್ದಳು. ಇವತ್ತು ಹನ್ನೊಂದು ಗಂಟೆಗೆ ಅಧ್ಯಯನದ ಮುಖ್ಯಸ್ಥೆ ಡಾಕ್ಟರ್ ಟಾನ್ ಅವರ ಮುಂದೆ ಇಬ್ಬರ ಅಳತೆಗಳನ್ನು ತಾಳೆ ನೋಡುವುದಿತ್ತು. ವಿನುತಾಳ ವರ್ಕ್ ಪಾಸು, ಈ ದೇಶದಲ್ಲಿ ಕೆಲಸ ಮಾಡಲು ಕೊಟ್ಟ ಪರವಾನಗಿ, ಮುಂದಿನ ತಿಂಗಳು ಮುಗಿಯುವುದಿತ್ತು. ಅವಳನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂಬುದೂ ಅಲ್ಲೇ ತೀರ್ಮಾನ.

ರೈಲಿನಲ್ಲಿ ಬಾಗಿಲ ಬಳಿ ನಿಂತಿದ್ದ ಹೆಂಗಸೊಬ್ಬಳ ಮುಖದ ಮೇಲೆ ದೃಷ್ಟಿ ನೆಟ್ಟು ಎಡಗಣ್ಣು ಮುಚ್ಚಿದ. ದಿನಾ ಮಾಡುವ ಪರೀಕ್ಷೆ. ಅವಳ ತಲೆಯ ಮೇಲಿದ್ದ ಸ್ಟೇಷನ್ನುಗಳ ಪಟ್ಟಿಯಲ್ಲಿ ಎಡಭಾಗ ಇಲ್ಲವಾಯಿತು. ಕಪ್ಪಾಗಲಿಲ್ಲ, ಕಪ್ಪಾಗಿದ್ದರೆ ಎಷ್ಟೋ ವಾಸಿಯಿತ್ತು, ಕತ್ತಲೆ ಎಂದು ಕರೆಯಬಹುದಿತ್ತು. ಅಲ್ಲಿ ಏನೂ ಕಳೆದೇ ಇಲ್ಲವೆಂಬಂತೆ ಮಿದುಳು ಸುತ್ತಲಿನ ಬಿಳುಪನ್ನೇ ಬಳಿದು ಮುಚ್ಚಿಬಿಡುತ್ತಿತ್ತು. ಕಣ್ಣು ತೆರೆದ, ಪಟ್ಟಿ ಬಂತು. ಮುಚ್ಚಿದ, ಹೋಯಿತು. ತೆರೆದ, ಮುಚ್ಚಿದ. "ಅಂಕಲ್, ವಾಟ್ ಯುವರ್ ಪ್ರಾಬ್ಲಮ್ ಆಹ್?" ಎಂದು ಅವಳು ಗಟ್ಟಿಯಾಗಿ ಕೇಳಿದಾಗ ಇಡೀ ಡಬ್ಬಿ ತಿರುಗಿ ನೋಡಿತು. ತಾನು ಆ ಹೆಂಗಸಿಗೆ ಕಣ್ಣು ಹೊಡೆಯುತ್ತಿದ್ದೆ ಎಂದು ಅವರೆಲ್ಲ ತಿಳಿದಿದ್ದಾರೆಂಬುದು ಅವನಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ನನ್ನ ಕಣ್ಣಿಗೆ ಕಾಯಿಲೆ ಇದೆ ಎಂದಿದ್ದರೆ ಸಾಕಿತ್ತು. ಗುರುತು ಪರಿಚಯವಿಲ್ಲದವರು, ಇನ್ನೆಂದೂ ಸಿಗದವರು, ಪಾಪ ಎಂದು ಸೀಟು ಬಿಟ್ಟುಕೊಡುತ್ತಿದ್ದರು. ಅವನು "ಸಾರಿ" ಎಂದ. ಪೋಲಿ ಮುದುಕನೆಂಬ ಹೆಸರನ್ನು ಹೊತ್ತು ಬುಕಿತ್ ಬಾಟೋಕ್‌ನಲ್ಲಿ ಇಳಿದು, ಬೆನ್ನಿಗೆ ಅಂಟಿದ ಷರಟು ಬಿಡಿಸಿಕೊಳ್ಳುತ್ತ ಮುಂದಿನ ರೈಲಿಗೆ ಕಾದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತೋರಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು ಎಂದುಕೊಂಡ.

ಕಣ್ಣು ಹೋದ ಮೇಲೆ ನಾಗೇಶ ಮಾವ ಚಾಮರಾಜಪುರಂ ಮನೆಯ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂರುತ್ತಿದ್ದ. ಅತ್ತೆ ಕಾಫಿ ಲೋಟವನ್ನು ಅವನ ಬಲ ಮಂಡಿಯ ಪಕ್ಕಕ್ಕೆ, ಸರಿಯಾಗಿ ಒಂದು ಗೇಣು ಬಿಟ್ಟು ಇಡುತ್ತಿದ್ದಳು. ಒಂದು ಬೆಳಿಗ್ಗೆ ಹತ್ತು ವರ್ಷದ ಬದರಿ ಉಸಿರು ಬಿಗಿಹಿಡಿದು ಆ ಲೋಟವನ್ನು ಇನ್ನೊಂದು ಗೇಣು ಈಚೆಗೆ ಸರಿಸಿದ. ಯಾಕೆ ಎಂದರೆ ಯಾಕೂ ಇಲ್ಲ, ನೋಡಬೇಕಿತ್ತು. ಮಾವನ ಕೈ ನೆಲದ ಮೇಲೆ ತಡವರಿಸಿ, ಇಲ್ಲದ ಲೋಟವನ್ನು ಹುಡುಕಿ, ಕೊನೆಗೆ ಇದ್ದ ಲೋಟವನ್ನು ತಳ್ಳಿ, ಬಿಸಿ ಕಾಫಿ ಪಂಚೆಯ ಮೇಲೆಲ್ಲ ಚೆಲ್ಲಿತು. "ಕಣ್ಣಿದ್ದಾಗ್ಲೂ ಇಷ್ಟೇ, ಒಂದು ನಿಗಾ ಇಲ್ಲ" ಎಂದು ಅತ್ತೆ ಅವನನ್ನೇ ಬೈದಳು. ಮಾವ ತೊಡೆ ಒರೆಸಿಕೊಳ್ಳುತ್ತ, "ಹೌದು, ನಂದೇ ತಪ್ಪು, ಕೈ ದೂರ ಹೋಯ್ತು" ಎಂದ. ಹುಡುಗ ಎರಡು ಮೊಳ ದೂರದಲ್ಲೇ ನಿಂತಿದ್ದ. ಆಗ ಆದದ್ದು ನಾಚಿಕೆಯಲ್ಲ, ಒಂದು ಬಗೆಯ ಖುಷಿ. ನಾಚಿಕೆ ಎಷ್ಟೋ ವರ್ಷದ ಮೇಲೆ ಬಂತು. ಮನುಷ್ಯನಿಗೆ ತನ್ನ ಕೈಯ ಮೇಲಿನ ನಂಬಿಕೆ ಹೋಗುವಂತೆ ಮಾಡಲು ಒಂದು ಗೇಣು ಸಾಕು ಎಂಬುದನ್ನು ಅವನು ಅವತ್ತೇ ಕಲಿತದ್ದು.

ಆಫೀಸಿಗೆ ಹೋದರೆ ವಿನುತಾ ಲಿಫ್ಟಿನ ಎದುರಿಗೇ ನಿಂತಿದ್ದಳು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. "ಸರ್, ಮೀಟಿಂಗ್‌ಗೆ ಮುಂಚೆ ಐದು ನಿಮಿಷ" ಎಂದು ಪ್ಯಾಂಟ್ರಿಯ ಕಡೆ ನಡೆದಳು. "ಇಪ್ಪತ್ಮೂರು ಪಟ ಮಿಸ್‌ಮ್ಯಾಚ್ ಇದೆ ಸರ್. ಇಪ್ಪತ್ತೆರಡರಲ್ಲಿ ನೀವು ಹೇಳಿದ್ದಕ್ಕೇ ಹೂಂ ಅಂತೀನಿ. ನಾನೂರ ಹನ್ನೆರಡು ಒಂದು ಬಿಟ್ಟು."

"ಅದ್ಯಾಕೆ ಅದೊಂದು?"

"ಕೆಳಗಡೆ ಅಂಚೇ ಉಳಿದಿಲ್ಲ ಸರ್. ಬಣ್ಣ ನಂಬಬೇಡ, ನಾಳ ಎಲ್ಲಿ ಬಗ್ಗುತ್ತೋ ಅಲ್ಲಿ ಬಟ್ಟಲಿನ ಅಂಚು ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು? ಅಲ್ಲಿ ನಾಳ ತಟ್ಟೆಯ ತುದೀಲೇ ಬಗ್ಗಿದೆ. ಬಣ್ಣ ಮಾತ್ರ ಚಿಕ್ಕದಾಗಿ ಕಾಣತ್ತೆ. ಯಾರಾದ್ರೂ ಮೋಸ ಹೋಗ್ತಾರೆ."

"ನಾನು ಮೋಸ ಹೋದೆ ಅಂತೀಯ."

"ಅಯ್ಯೋ, ಹಾಗಲ್ಲ ಸರ್." ಅವಳ ಕಣ್ಣಲ್ಲಿ ನೀರು ತುಂಬಿತು. "ನನ್ನ ಪಾಸ್ ವಿಷಯ ಬಿಡಿ. ಯಾರೋ ಒಬ್ರು ಪಾಪ, ತಮಗೇನೂ ಆಗಿಲ್ಲ ಅಂದ್ಕೊಂಡು ಓಡಾಡ್ತಿರ್ತಾರೆ. ಈಗ ಕರೆಸಿದ್ರೆ ಡ್ರಾಪ್ಸ್ ಹಾಕಿ ಉಳಿದಷ್ಟು ಉಳಿಸ್ಬಹುದು. ಅವರ ಮನೇಲಿ ಹೆಂಡ್ತಿ ಮಕ್ಕಳು ಇರಲ್ವಾ ಸರ್?"

ಅವನಿಗೆ ಅವಳ ಮೇಲೆ ಹುಟ್ಟಿದ್ದು ದ್ವೇಷ. ಅವಳು ಸ್ವಂತ ಲಾಭಕ್ಕೆ ವಾದಿಸಿದ್ದರೆ ಕ್ಷಮಿಸಬಹುದಿತ್ತು, ಮಣಿಸಬಹುದಿತ್ತು. ಯುಗಾದಿಗೆ ಮನೆಗೆ ಬಂದು ಸೀತಾಳ ಕೈಯ ಒಬ್ಬಟ್ಟು ತಿಂದು ಹೋಗಿದ್ದ ಈ ಹುಡುಗಿ, ತನ್ನ ಅನ್ನ ಬಿಟ್ಟುಕೊಟ್ಟು ಅವನ ಕಣ್ಣು ಉಳಿಸಲು ಅವನನ್ನೇ ಅಂಗಲಾಚುತ್ತಿದ್ದಳು. ಹೆಂಡತಿ ಮಕ್ಕಳ ಮಾತನ್ನು ಬೇರೆ ಎತ್ತಿದಳು. "ನಮಗೆ ಮನುಷ್ಯರು ಯಾರೂ ಗೊತ್ತಿಲ್ಲ ವಿನುತಾ, ನಂಬರು ಅಷ್ಟೇ" ಎಂದ. "ಕಾದಂಬರಿ ಬರೆಯೋದಿದ್ರೆ ಮನೇಲಿ ಬರಿ." ಕೈತೊಳೆಯುವ ತೊಟ್ಟಿಗೆ ತನ್ನ ಕಾಫಿ ಚೆಲ್ಲಿ ಹೊರಟ.

ಡಾಕ್ಟರ್ ಟಾನ್ ಒಳ್ಳೆಯವರು, ಬಿಡುವಿಲ್ಲದವರು. ಇಪ್ಪತ್ಮೂರನ್ನೂ ನೋಡಲು ಪುರುಸೊತ್ತಿಲ್ಲ, ಎಲ್ಲಕ್ಕಿಂತ ಕೆಟ್ಟದಾಗಿ ತಾಳೆ ತಪ್ಪಿದ ಒಂದನ್ನು ತೋರಿಸಿ, ಯಾರ ಕಣ್ಣು ಜಾರುತ್ತಿದೆ ಎಂದು ನನಗೆ ತಿಳಿಯುತ್ತದೆ ಎಂದರು. ಎಲ್ಲಕ್ಕಿಂತ ಕೆಟ್ಟದ್ದು ಯಾವುದೆಂದು ಕಂಪ್ಯೂಟರೇ ಆರಿಸಿತು. ಗೋಡೆಯ ಮೇಲೆ ಆಳೆತ್ತರಕ್ಕೆ ಜುಟ್ಟು ಬಂದು ನಿಂತಿತು. ಇಷ್ಟು ದೊಡ್ಡದಾಗಿ ಅವನು ಅದನ್ನು ನೋಡಿರಲಿಲ್ಲ. ಇಬ್ಬರು ಹೆಂಗಸರ ಎದುರು ಬಟ್ಟೆ ಬಿಚ್ಚಿ ನಿಂತಂತಾಯಿತು. ಕೆಳಗಿನ ಅಂಚು ಇಲ್ಲವೆಂಬುದು ಎಂಥ ಕುರುಡನಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಡಾಕ್ಟರು ಕನ್ನಡಕ ಹಣೆಗೇರಿಸಿ, ಮುಂದೆ ಬಾಗಿ, ತುಸು ಮಸುಕಾಗಿದೆಯಲ್ಲ ಎಂದರು. ವಿನುತಾ ಎದ್ದು ಪೆನ್ನಿನ ತುದಿಯಿಂದ ನಾಳ ಬಗ್ಗಿದ ಜಾಗ ತೋರಿಸಿದಳು. ತೋರಿಸಿದ್ದು ಸರಿಯಾದ ಜಾಗವನ್ನೇ. ಡಾಕ್ಟರು ಹೂಂ ಹೂಂ ಎನ್ನುತ್ತ ಇನ್ನೇನು ಒಪ್ಪಿಬಿಡುತ್ತಾರೆ ಎನ್ನಿಸಿದಾಗ ಬದರಿನಾಥ ಎದೆಯಲ್ಲಿ ಒಂದು ಬಗೆಯ ನಿರಾಳವನ್ನು ಕಂಡ. ಮುಗಿಯಿತು, ಸಿಕ್ಕಿಬಿದ್ದೆ, ಬದುಕಿದೆ. ಆ ಹೊತ್ತಿಗೆ ಡಾಕ್ಟರು ಅವನ ಕಡೆ ತಿರುಗಿ ಕೇಳಿದರು: ಎರಡನೆಯ ಸಲ ನಿನಗೆಷ್ಟು ಬಂತು?

"ಪಾಯಿಂಟ್ ಐದು."

ಎರಡು ಸಲವೂ? ಎರಡು ಸಲವೂ. ಅವಳಿಗೆ? ಮೊದಲು ಒಂಬತ್ತು, ಆಮೇಲೆ ಎಂಟು. ಡಾಕ್ಟರು ಕುರ್ಚಿಗೆ ಒರಗಿದರು. ಪಟದ ಕಡೆ ಮತ್ತೆ ನೋಡಲಿಲ್ಲ. "ನೋಡು ವಿನುತಾ, ಅವನದು ಎರಡು ಸಲವೂ ಒಂದೇ. ನಿನ್ನದು ನಿನಗೇ ತಾಳೆಯಿಲ್ಲ. ನಾನು ಯಾರನ್ನು ನಂಬಲಿ?" ವಿನುತಾ ಏನೋ ಹೇಳಲು ಹೋದಳು, ಎಂಟಾದರೂ ಒಂಬತ್ತಾದರೂ ಏಳರ ಮೇಲೆಯೇ ಅಲ್ಲವೇ ಎಂದು ಅವಳು ಕೇಳಿದ್ದರೆ ಅಷ್ಟಕ್ಕೇ ಎಲ್ಲ ತಿರುಗಿಬೀಳುತ್ತಿತ್ತು. ಅವಳ ಬಾಯಿ ತೆರೆದದ್ದನ್ನು ಬದರಿನಾಥ ನೋಡಿದ. "ಬಹುಶಃ ಅವಳು ತನ್ನ ಕಣ್ಣನ್ನೇ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು" ಎಂದ, ತಮಾಷೆಯ ದನಿಯಲ್ಲಿ. ಡಾಕ್ಟರು ನಕ್ಕರು. ಹಿರಿಯರು ನಕ್ಕಾಗ ನಗದಿದ್ದರೆ ತಪ್ಪಾದೀತೆಂದು ವಿನುತಾಳೂ ನಕ್ಕಳು, ತೆರೆದ ಬಾಯಿಂದ ಆ ನಗು ಬಿಟ್ಟು ಬೇರೇನೂ ಬರಲಿಲ್ಲ. ಪಾಸು ಮುಗಿದ ಮೇಲೆ ಮುಂದುವರಿಸುವುದು ಕಷ್ಟ ಎಂದು ಡಾಕ್ಟರು ಮೃದುವಾಗಿ ಹೇಳಿದರು. ಒಪ್ಪಿತ ಸಂಖ್ಯೆಯನ್ನು ಇಬ್ಬರೂ ತಂತಮ್ಮ ಹೆಸರಿನಲ್ಲಿ ಐದೂವರೆಯೊಳಗೆ ನಮೂದಿಸಿ ಸಹಿ ಮಾಡಬೇಕು. ಒಬ್ಬರು ಸಹಿ ಮಾಡದಿದ್ದರೂ ಪಟ ಅಳೆಯಲು ಆಸ್ಟ್ರೇಲಿಯಾದ ಮೂರನೆಯವರಿಗೆ ಹೋಗುತ್ತದೆ. ಹೆಸರಿನ ಪಟ್ಟಿಯನ್ನು ಶುಕ್ರವಾರ ಅಳಿಸುತ್ತೇವೆ ಎಂದರು.

ಮಧ್ಯಾಹ್ನವೆಲ್ಲ ಬದರಿನಾಥ ತನ್ನ ಕುರ್ಚಿಯಲ್ಲಿ ಕೂತು ವಿನುತಾಳ ಬೆನ್ನನ್ನೇ ನೋಡಿದ. ಅವಳು ಊಟಕ್ಕೆ ಏಳಲಿಲ್ಲ. ಅವಳ ತೆರೆಯ ಮೇಲೆ ಜುಟ್ಟು ಒಮ್ಮೆ ದೊಡ್ಡದಾಗುತ್ತಿತ್ತು, ಒಮ್ಮೆ ಚಿಕ್ಕದಾಗುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ಅವನಿಗೆ ಒಂದು ವಿಷಯ ಸ್ಪಷ್ಟವಾಯಿತು: ಅವಳು ಸಹಿ ಮಾಡಬಾರದು. ಆಸ್ಟ್ರೇಲಿಯಾದಲ್ಲಿ ಯಾವನೋ ಮುಖ ಕಾಣದವನು ನೋಡಲಿ, ಒಂಬತ್ತು ಎನ್ನಲಿ, ಬೀಗ ತೆಗೆಯಲಿ, ಹೆಸರು ಓದಲಿ, ಎಲ್ಲರೂ ಸೇರಿ ತನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಔಷಧಿ ಹಾಕಲಿ. ತಾನಾಗಿ ಹೋಗಲು ಅವನಿಂದ ಆಗದು. ಹಟ ಮಾಡು ಮಾರಾಯ್ತಿ, ಹಟ ಮಾಡು ಎಂದು ಅವಳ ಬೆನ್ನಿಗೆ ಬೇಡಿಕೊಂಡ. ಮದುವೆಯ ದಿನ ಮಟಮಟ ಮಧ್ಯಾಹ್ನ ಪುರೋಹಿತರು ಆಕಾಶಕ್ಕೆ ಬೆರಳು ತೋರಿ ಅರುಂಧತಿ ನಕ್ಷತ್ರ ಕಂಡಿತೇ ಎಂದಾಗ ಅವನೂ ಸೀತಾಳೂ ಒಟ್ಟಿಗೇ ಕಂಡಿತು ಎಂದಿದ್ದರು. ಇಬ್ಬರ ನಡುವೆ ನೂರಕ್ಕೆ ನೂರು ತಾಳೆ, ಮೇಲೆ ಬರೀ ಬಿಸಿಲು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ, ಪ್ರಮಾಣಿಸುವವನೇ ಕಳ್ಳನಾದರೆ ಏನು ಮಾಡಬೇಕೆಂದು ಹೇಳಿಲ್ಲ.

ಐದು ಗಂಟೆ ದಾಟಿದ ಮೇಲೆ ಅವಳು ಎದ್ದು ಅವನ ಮೇಜಿನ ಬಳಿ ಬಂದಳು. ಮುಖ ತೊಳೆದುಕೊಂಡಿದ್ದಳು.

"ಸರ್, ಬೆಳಿಗ್ಗೆ ಹಾಗೆ ಮಾತಾಡಿದ್ದಕ್ಕೆ ಸಾರಿ."

"ಸೈನ್ ಮಾಡಕ್ಕೆ ಇಷ್ಟ ಇಲ್ದಿದ್ರೆ ಬೇಡ" ಎಂದ. "ಬಲವಂತ ಏನಿಲ್ಲ. ಆಸ್ಟ್ರೇಲಿಯಾಕ್ಕೆ ಹೋಗತ್ತೆ, ಹೋಗ್ಲಿ."

"ಬೇಡ ಸರ್. ನೀವೇ ಸರಿ. ಮಧ್ಯಾಹ್ನದಿಂದ ಅದನ್ನೇ ನೋಡ್ತಿದೀನಿ. ನಲವತ್ತು ಸಲ ನೋಡಿರ್ಬೇಕು. ಮೊದಮೊದಲು ದೊಡ್ಡದಾಗೇ ಕಾಣ್ತಿತ್ತು. ಆಮೇಲೆ ನೀವು ಎಳೆದ ಗೆರೆ ಹಾಕ್ಕೊಂಡು ನೋಡ್ದೆ. ನೋಡ್ತಾ ನೋಡ್ತಾ ಅದೇ ಸರಿ ಅನ್ಸಕ್ಕೆ ಶುರುವಾಯ್ತು. ಈಗ ಗೆರೆ ತೆಗೆದ್ರೂ ಹಾಗೇ ಕಾಣತ್ತೆ."

"ನಿಜವಾಗ್ಲೂ ಕಾಣತ್ತಾ?" ಅವನು ಕುರ್ಚಿಯ ಕೈ ಹಿಡಿದುಕೊಂಡ. "ನನಗೋಸ್ಕರ ಹೇಳ್ಬೇಡ ವಿನುತಾ. ನಿನ್ನ ಕಣ್ಣಿಗೆ ಏನು ಕಾಣತ್ತೋ ಅದನ್ನ ಹೇಳು."

"ನಿಮಗೋಸ್ಕರ ಅಲ್ಲ ಸರ್. ನಿಜವಾಗ್ಲೂ ಚಿಕ್ಕದಾಗೇ ಕಾಣತ್ತೆ. ಮೊದಲು ಅದ್ಹೆಂಗೆ ಒಂಬತ್ತು ಅಂತ ಬರೆದೆನೋ. ಊರಿಗೆ ಹೋದ್ಮೇಲೆ ಕಣ್ಣು ಟೆಸ್ಟ್ ಮಾಡಿಸ್ತೀನಿ." ಕ್ಷಮೆ ಕೇಳುವವಳ ಹಾಗೆ ನಕ್ಕಳು.

ಭೂಮಿಯ ಮೇಲೆ ಅವನ ಕಣ್ಣನ್ನು ಸರಿಯಾಗಿ ನೋಡಿದ್ದ ಒಬ್ಬಳೇ ಒಬ್ಬಳು ಅವಳು. ಈಗ ಅವಳೂ ಇಲ್ಲ. ನೀನು ನೋಡಿದ್ದೇ ಸರಿ ಕಣೇ, ಅದು ನನ್ನ ಕಣ್ಣು, ನನ್ನನ್ನು ಉಳಿಸು ಎಂದು ಹೇಳಲು ಹತ್ತು ಮಾತು ಸಾಕಾಗಿತ್ತು, ಕನ್ನಡದಲ್ಲೇ ಹೇಳಬಹುದಿತ್ತು, ಸುತ್ತ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ. "ಗುಡ್" ಎಂದ. "ಕಣ್ಣು ಈಗ ಪಳಗ್ತಾ ಇದೆ."

ವಿನುತಾ ಕೂತು ತನ್ನ ಹೆಸರು, ಪಾಸ್‌ವರ್ಡ್ ಹಾಕಿದಳು. ನಾನೂರ ಹನ್ನೆರಡರ ಎದುರು ಖಾಲಿ ಮನೆಯಲ್ಲಿ ಕರ್ಸರು ಮಿನುಗುತ್ತಿತ್ತು. ಅವಳ ಬೆರಳು ಕೀಲಿಯ ಮೇಲ್ಗಡೆ ನಿಂತಿತು.

"ಐದೇ ಅಲ್ವಾ ಸರ್?" ಎಂದು ತಿರುಗಿ ನೋಡಿದಳು.

ಅವಳು ಉತ್ತರಕ್ಕೆ ಕಾದಳು. ಬೇಕಾದಷ್ಟು ಹೊತ್ತು ಕಾದಳು.

"ಐದೇ" ಎಂದ.

ಅವಳು ಐದು ಒತ್ತಿ, ಸಹಿಯ ಗುಂಡಿ ಒತ್ತಿ, ಎದ್ದು ನಿಂತು, ಇಷ್ಟು ದಿನ ಕಲಿಸಿಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಸರ್ ಎಂದಳು.